ಮೂರನೇ ಗೂಟದ ಎಡಗಡೆ

ಸಮೆ ದ್ವೀಪದ ದೊಲಾ ಒಮ್ಮೆಯೂ ದೋಣಿಯನ್ನು ಕೆಸರಿಗೆ ಕೂರಿಸಿದವನಲ್ಲ. ಊರಿಗೆ ಊರೇ ಒಪ್ಪಿದ ಮಾತು ಅದು. ಮೂವತ್ತೈದು ವರ್ಷಗಳಿಂದ ಆಚೆ ದಡದ ಕಟ್ಟೆಯಿಂದ ಮಂಜುಗಡ್ಡೆ, ಮೇಕೆ, ಗ್ಯಾಸ್ ಸಿಲಿಂಡರು, ಮದುವಣಗಿತ್ತಿ, ಅಪರೂಪಕ್ಕೆ ಬರುವ ಪರದೇಶದ ಅತಿಥಿ, ಎಲ್ಲವನ್ನೂ ಎಲ್ಲರನ್ನೂ ತಂದು ಇಳಿಸಿದ್ದ. ಉಬ್ಬರ ಇಳಿತದ ಲೆಕ್ಕ ಅವನಿಗೆ ಅಂಗೈ ನೆಲ್ಲಿಕಾಯಿ. ಮಾತು ಮಾತ್ರ ಕಡಿಮೆ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಐದು ಇಂಜಿನ್ನಿಗೆ ಬೈಯುವುದಕ್ಕೇ ಆಗುತ್ತಿತ್ತು.

ಅವನ ಹೆಂಡತಿ ಹಬ್ಸಾ ಗೋಡಂಬಿ ಮರಗಳ ಕೆಳಗೆ ಮೂರು ಬಿದಿರಿನ ಗುಡಿಸಲು ಕಟ್ಟಿಸಿದ್ದಳು. ವರ್ಷಕ್ಕೆ ಹತ್ತು ಹನ್ನೆರಡು ಮಂದಿ ಬಂದು, ಜೋಲಿಯಲ್ಲಿ ಮಲಗಿ, ಅವಳು ಮಾಡಿದ ಮೀನಿನ ಹುಳಿ ಉಂಡು, ಏನೂ ಮಾಡದೆ ಹೋಗುತ್ತಿದ್ದರು.

"ದುಡ್ಡು ಕೊಟ್ಟು ನಿದ್ದೆ ಮಾಡೋಕೆ ಬರ್ತಾರಲ್ಲ, ಇವರ ಮನೇಲಿ ಮಂಚ ಇಲ್ವಾ?" ಎಂದು ಹಬ್ಸಾ ನಗುತ್ತಿದ್ದಳು. ನೀರು ಇಳಿದ ಹೊತ್ತಿನಲ್ಲಿ ಊರ ಹೆಂಗಸರ ಜೊತೆ ಕೊಲ್ಲಿಯ ಕೆಸರಿಗಿಳಿದು ತಿನ್ನುವ ಚಿಪ್ಪುಮೀನು ಹೆಕ್ಕುವುದು ಅವಳ ನಿಜವಾದ ಕಸುಬು.

ಹೀಗಿರುವಾಗ ಪೇಟೆಯ ಪ್ರವಾಸದ ಕಂಪನಿಯೊಂದು, ದಿನಕ್ಕೆರಡು ಸಲ ಅರವತ್ತು ಜನರ ದೋಣಿ ಕಳಿಸುತ್ತೇವೆ, ಮೊದಲು ನಮ್ಮವರು ಬಂದು ನೋಡುತ್ತಾರೆ ಎಂದು ಹೇಳಿ ಕಳಿಸಿತು. ಚಹಾದಂಗಡಿಯ ಯಾಕೋಬ್ ಆಗಲೇ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ತರಿಸಿಬಿಟ್ಟ. ಮಸೀದಿ ಮುಂದೆ ಸಭೆ ಸೇರಿ, ಬರಲಿ ಎಂದು ಎಲ್ಲರೂ ಕೈ ಎತ್ತಿದರು. ಹಬ್ಸಾಳೂ ಎತ್ತಿದಳು. ದೊಲಾ ಎತ್ತಲಿಲ್ಲ. ಅಷ್ಟು ದೊಡ್ಡ ದೋಣಿಗಳು ದಿನಾ ಕೊಲ್ಲಿಯನ್ನು ಕಲಕಿದರೆ ಎರಡೇ ವರ್ಷದಲ್ಲಿ ಕೆಸರಿನಲ್ಲಿ ಒಂದು ಚಿಪ್ಪೂ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೇಳೋಣವೆಂದು ಎದ್ದು ನಿಂತ. ಬಾಯಾರಿದವನ ಹಾಗೆ ನೀರು ಕುಡಿದು ಕೂತ.

ಕಂಪನಿಯವರು ಬರುವ ದಿನ ಬೆಳಗ್ಗೆ ಹಬ್ಸಾ ದೋಣಿಯೊಳಗೆ ಇಣುಕಿದಳು.

"ಅರ್ಧ ಗಂಟೆ ದಾರಿಗೆ ಎರಡು ಕ್ಯಾನ್ ನೀರು, ಛತ್ರಿ, ಆರು ಬೇಯಿಸಿದ ಮೊಟ್ಟೆ. ಏನಿದು?"

"ಬಿಸಿಲು," ಅಂದ ದೊಲಾ.

"ಹನ್ನೊಂದೂವರೆಗೆ ಊಟ. ದೊಡ್ಡೋರು ಬರ್ತಿದಾರೆ, ಅನ್ನ ಆರಿಸ್ಬೇಡ."

"ಹೂಂ."

ಆಚೆ ದಡದಲ್ಲಿ ದೋಣಿ ಹತ್ತಿದವಳು ಒಬ್ಬಳೇ. ನುತ್ ಎಂದು ಹೆಸರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕಣ್ಣ ಕೆಳಗೆ ಕಪ್ಪು. ನೀರು ಇಳಿಯುತ್ತಿತ್ತು. ಕೊಲ್ಲಿಯ ದಾರಿಗೆ ಗುರುತಾಗಿ ಗೂಟಗಳಿದ್ದವು. ಮೂರನೆಯದರ ಹತ್ತಿರ ಬಲಕ್ಕೆ ತಿರುಗಬೇಕು. ಚುಕ್ಕಾಣಿ ಕೊಟ್ಟ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ಕೂರಿಸ್ಬೇಡ." ದೊಲಾ ಎಡಕ್ಕೆ ತಿರುಗಿಸಿದ. ದೋಣಿ ಒಮ್ಮೆ ಉಜ್ಜಿ, ನಿಂತೇಬಿಟ್ಟಿತು.

"ಏನಾಯ್ತು?"

"ಕೂತ್ಕೊಂಡ್ತು. ಇನ್ನು ನಾಲ್ಕು ಗಂಟೆಗೇ ಏಳೋದು."

"ಬೇರೆ ದೋಣಿ ಕರೀರಿ!"

"ಅದೂ ಕೂರುತ್ತೆ."

"ನಡ್ಕೊಂಡು ಹೋಗ್ತೀನಿ."

"ಒಂದು ಮೈಲಿ. ಮೊಣಕಾಲುದ್ದ ಕೆಸರು. ಪ್ಯಾಂಟು ಬಿಳೀದು."

ಮೊದಲ ಗಂಟೆ ಅವಳು ಫೋನಿನಲ್ಲಿ ಆಫೀಸಿನವರ ಮೇಲೆ ಹರಿಹಾಯ್ದಳು. ಎರಡನೇ ಗಂಟೆ ಮುಖ ಊದಿಸಿಕೊಂಡೇ ಮೂರು ಮೊಟ್ಟೆ ತಿಂದಳು. ಆಮೇಲೆ ಛತ್ರಿಯಡಿ ಒರಗಿದವಳು ಹಾಗೇ ನಿದ್ದೆಹೋದಳು. ಬೆಳ್ಳಕ್ಕಿಗಳು ದೋಣಿಯ ಸುತ್ತ ಓಡಾಡಿದವು. ದೂರದಲ್ಲಿ ಹೆಂಗಸರು ಬಗ್ಗಿ ಚಿಪ್ಪು ಹೆಕ್ಕುತ್ತಿದ್ದರು. ಅವರಲ್ಲಿ ಹಬ್ಸಾ ಯಾರೆಂದು ದೊಲಾಗೆ ಬೆನ್ನು ನೋಡಿಯೇ ಗೊತ್ತಾಯಿತು.

ಎದ್ದ ಮೇಲೆ ನುತ್ ಛತ್ರಿ ಸರಿಸಿ ಸುತ್ತಲ ಕೆಸರನ್ನು ನೋಡಿದಳು.

"ದಿನಾ ಹೀಗೇನಾ?"

"ನೀರು ಇಳಿದಾಗೆಲ್ಲ ಕೆಸರೇ."

"ನಮ್ಮ ದೋಣಿಗಳಿಗೆ ಹೊತ್ತು ತಪ್ಪೋ ಹಾಗಿಲ್ಲ. ಇಲ್ಲಿಗೆ ಕಳ್ಸೋದು ಆಗೋ ಮಾತಲ್ಲ, ಹಾಗಂತಲೇ ಬರೀತೀನಿ." ಆಮೇಲೆ ದನಿ ತಗ್ಗಿಸಿದಳು. "ಇಂಥ ನಿದ್ದೆ ಬಂದು ಎಷ್ಟು ಕಾಲ ಆಗಿತ್ತೋ. ಒಂದು ಗುಡಿಸಲು ಖಾಲಿ ಇದ್ಯಾ? ಭಾನುವಾರದವರೆಗೂ ಇರ್ತೀನಿ. ಆಫೀಸಿಗೆ ಮಾತ್ರ ಹೇಳ್ಬೇಡಿ."

ನಾಲ್ಕಕ್ಕೆ ದೋಣಿ ಎದ್ದಿತು. ದಡದಲ್ಲಿ ಊರೇ ನೆರೆದಿತ್ತು.

"ಬಂಗ್ ಲಾ!" ಯಾಕೋಬ್ ಕೂಗಿದ. ಆ ಕಡೆ ಅಣ್ಣನಿಗೆ 'ಬಂಗ್' ಅನ್ನುತ್ತಾರೆ, 'ಲಾ' ದೊಲಾನ ಮೊಟಕು ಹೆಸರು. "ಇಷ್ಟು ವರ್ಷ ಕೂರಿಸ್ದೆ ಇವತ್ತೇ ಕೂರಿಸ್ಬೇಕಿತ್ತಾ? ಕಣ್ಣು ಹೋಯ್ತೋ ತಲೆ ಹೋಯ್ತೋ? ನಾಳೆಯಿಂದ ಎಮ್ಮೆ ಕಟ್ಕೊಂಡು ಬಾ ಮಾರಾಯ, ಎಳೆಯೋಕಾಗತ್ತೆ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ವಯಸ್ಸಾಯ್ತು," ಅಂದ ದೊಲಾ. ಅಪ್ಪನಿಂದ ಬಂದ ಹೆಸರು, ಒಂದೇ ದಿನಕ್ಕೆ ನೀರುಪಾಲು. ಆದರೂ ನಾಳೆ ಮತ್ತೆ ಆ ಗೂಟದ ಹತ್ತಿರ ತಂದು ನಿಲ್ಲಿಸಿದರೆ ಎಡಕ್ಕೇ ತಿರುಗಿಸುತ್ತಿದ್ದ.

ಉಳಿದದ್ದು ಹಬ್ಸಾ ಏನನ್ನುತ್ತಾಳೋ ಎಂಬ ಭಯ. ಬೈಗುಳಕ್ಕೆ ತಲೆ ತಗ್ಗಿಸಿಕೊಂಡೇ ಮನೆಗೆ ಹೋದ. ಅವಳು ಚಾಪೆ ಹಾಸಿ, ನುತ್‌ಳನ್ನು ಕೂರಿಸಿ, ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಭುಗ್ಗೆಂದು ಎದ್ದಿತು. ಅನ್ನ ಈಗಷ್ಟೇ ಒಲೆಯಿಂದ ಇಳಿದಿತ್ತು.

ಬಡಿಸಿಕೊಳ್ಳಲು ಅಡುಗೆಮನೆಗೆ ಬಂದ ದೊಲಾ ಪಾತ್ರೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಹನ್ನೊಂದೂವರೆಗೆ ಅಂದಿದ್ಯಲ್ಲ?"

"ಆರು ಮೊಟ್ಟೆ ಬೇಯಿಸ್ಕೊಂಡು ಹೊರಟೋನು ಹನ್ನೊಂದೂವರೆಗೆ ಬರ್ತಾನಾ?" ಹಬ್ಸಾ ಮೆಲ್ಲಗೆ ಅಂದಳು. "ಮೂರೂವರೆಗೆ ಅಕ್ಕಿ ಹಾಕ್ದೆ."

ಆಮೇಲೆ ಆ ದಿನ ಹೆಕ್ಕಿ ತಂದು ಬೇಯಿಸಿದ ಚಿಪ್ಪುಗಳನ್ನು ಅವನ ತಟ್ಟೆ ತುಂಬ ಸುರಿದಳು.