ಕವಳದ ಬಾಯಿಯೂ ಒಡೆದ ಕ್ಲಚ್ ಕವರೂ

ಅಕ್ಕ ಬಿದ್ದದ್ದು ದೊಡ್ಡ ವಿಷಯವೇನಲ್ಲ. ಡರ್ಟ್ ಬೈಕ್ ಓಡಿಸುವವರು ಬೀಳುತ್ತಾರೆ. ಬೀಳದವರು ಅದನ್ನು ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯುತ್ತಾರೆ. ಆದರೆ ಈ ಸಲ ಬ್ರೇಕ್ ಪೆಡಲ್ ಒಳಕ್ಕೆ ಬಗ್ಗಿ, ಎಂಜಿನ್ನಿನ ಬಲಗಡೆಯ ಕ್ಲಚ್ ಕವರನ್ನೇ ಒಡೆದಿತ್ತು. ಆಯಿಲ್ಲು ಗದ್ದೆಯ ಕೂಳೆಯ ಮೇಲೆ ಸುರಿಯುತ್ತಿತ್ತು. ಅಕ್ಕ ತನ್ನ ಮೊಣಕೈಯ ರಕ್ತದ ಕಡೆ ನೋಡಲೂ ಇಲ್ಲ, ಕವರಿನ ಬಿರುಕಿಗೆ ಬೆರಳು ಒತ್ತಿ ಹಿಡಿದು ಕೂತಿದ್ದಳು.

ಬರುವ ಭಾನುವಾರ ಆನಂದಪುರದ ಹತ್ತಿರ, ಕೊಯ್ಲಾದ ಗದ್ದೆಯಲ್ಲಿ ರೇಸು. ಹೆಂಗಸರಿಗೆ ಬೇರೆ ವಿಭಾಗ ಇಟ್ಟದ್ದು ಅದೇ ಮೊದಲು, ಅದೂ ಅಕ್ಕ ಸಂಘಟಕರ ಬೆನ್ನು ಬಿದ್ದಿದ್ದರಿಂದ. "ಹೆಂಗಸ್ರು ಯಾರೂ ಬರಲ್ಲ ಮೇಡಂ" ಎಂದವರಿಗೆ "ನಾನು ಬರ್ತೀನಲ್ಲ" ಎಂದು ಹೇಳಿ ಬಂದಿದ್ದಳು. ಈಗ ಅವಳೇ ಹೋಗದಿದ್ದರೆ ಅವರ ಮಾತೇ ನಿಜವಾಗಿ, ಮುಂದಿನ ವರ್ಷಕ್ಕೆ ಆ ವಿಭಾಗ ಇರುತ್ತಿರಲಿಲ್ಲ.

ಬೈಕನ್ನು ಪಿಕಪ್ಪಿಗೆ ಹೇರಿಕೊಂಡು ಸಾಗರದ ಮೆಕ್ಯಾನಿಕ್ ಹತ್ತಿರ ಹೋದೆವು. ಹೊಸ ಕವರ್ ಮುಂದಿನ ವಾರ ಬರುತ್ತದೆ ಎಂದರು. ಅವರ ಅಂಗಡಿಯಲ್ಲಿ ಮುಂದಿನ ವಾರ ಎನ್ನುವುದು ಕಾಲವಲ್ಲ, ಸಮಾಧಾನ.

"ಗಾಡಿಗೆ ಪೂಜೆ ಮಾಡ್ಸಿದ್ರಾ?" ಎಂದು ಕೇಳಿದರು.

"ಮಾಡ್ಸಿದ್ರೆ ಪೆಡಲ್ಲು ಆಚೆ ಕಡೆಗೆ ಬಗ್ತಿತ್ತಾ?" ಎಂದೆ.

"ನಿಮ್ಮ ತಮ್ಮಂಗೆ ಬಾಯಿ ಜಾಸ್ತಿ ಆಯ್ತು" ಎಂದು ಅಕ್ಕನಿಗೆ ದೂರು ಕೊಟ್ಟು, ಎಲೆಗೆ ಸುಣ್ಣ ಸವರಿ, ಅಡಿಕೆ ತಂಬಾಕು ಸೇರಿಸಿ ಕವಳ ಹಾಕಿಕೊಂಡರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ವಾದ ಮಂಡಿಸಿದೆ. ಅಲ್ಯೂಮಿನಿಯಂಗೆ ವೆಲ್ಡಿಂಗ್ ಆಗುತ್ತದೆ. ಈ ಕವರು ಅಲ್ಯೂಮಿನಿಯಂ. ಆದ್ದರಿಂದ ಇದಕ್ಕೂ ಆಗುತ್ತದೆ. ವೆಲ್ಡಿಂಗ್ ಅಂಗಡಿ ಪಕ್ಕದಲ್ಲೇ ಇದೆ, ಶನಿವಾರದೊಳಗೆ ಮುಗಿಸಲು ಏನೂ ಅಡ್ಡಿಯಿಲ್ಲ. ಒಂದೊಂದು ಅಂಶಕ್ಕೂ ಅವರು "ಹೂಂ" ಎಂದರು. ಕೊನೆಗೆ, ರಸ ಚೆಲ್ಲದಂತೆ ಮುಖ ಮೇಲೆತ್ತಿ, ಉದ್ದನೆಯ ಇನ್ನೊಂದು "ಹೂಂ".

ಎದುರಾಳಿ ಅಲ್ಲಗಳೆಯದ ಅಂಶವನ್ನು ಒಪ್ಪಿಕೊಂಡಂತೆ ಎಂಬುದು ಚರ್ಚೆಯ ನಿಯಮ. ನಮ್ಮ ಕಡೆಯ ನಿಯಮ ಬೇರೆ. ಕವಳದ ಬಾಯಿಯ ಹೂಂಗೆ "ಕೇಳಿಸಿತು" ಎಂದಷ್ಟೇ ಅರ್ಥ; ಒಪ್ಪಿಗೆಯೋ ತಕರಾರೋ ಗೊತ್ತಾಗುವುದು ಉಗಿದು ಬಂದ ಮೇಲೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿಯದ್ದಲ್ಲ. ಆದರೆ ವಾದ ಗೆದ್ದವನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿರುತ್ತದೆ? ಅಕ್ಕನನ್ನು ಹೊರಡಿಸಿಕೊಂಡು ಬಂದೆ.

ಶನಿವಾರ ಬೆಳಿಗ್ಗೆ ಹೋದರೆ ಒಡೆದ ಕವರು ಬೆಂಚಿನ ಮೇಲೆ ಹಾಗೆಯೇ ಕೂತಿತ್ತು.

"ಎಂತ ಇದು? ಹೂಂ ಅಂದಿದ್ರಲ್ಲ!"

"ಕವಳ ಇಟ್ಕೊಂಡು ಮತ್ತೆಂತ ಅನ್ನೋದು ಮಾರಾಯಾ? ಉಗುದು ಬರೋಷ್ಟರಲ್ಲಿ ನೀವು ನಾಪತ್ತೆ. ವೆಲ್ಡ್ ಮಾಡಿದ್ರೆ ಕಾವಿಗೆ ಅಂಚು ಸೊಟ್ಟ ಆಗ್ತದೆ. ಗ್ಯಾಸ್ಕೆಟ್ ಕೂರಲ್ಲ, ಆಯಿಲ್ಲು ಸೋರ್ತದೆ."

"ಸೊಟ್ಟ ಆಗೇ ಆಗ್ತದೆ ಅಂತ ಏನು ಆಧಾರ?"

"ಆಗ್ತದೆ ಅಂದ್ರೆ ಆಗ್ತದೆ."

"ಒಂದು ಫೋನಾದ್ರೂ ಮಾಡ್ಬಹುದಿತ್ತು."

"ನಿಮ್ಮ ಹತ್ರ ಫೋನಲ್ಲಿ ಮಾತಾಡಕ್ಕಾ? ನಂಗೆ ಬೇರೆ ಕೆಲ್ಸ ಇಲ್ವಾ?"

"ಇಬ್ರೂ ಸ್ವಲ್ಪ ಬಾಯಿ ಮುಚ್ತೀರಾ?" ಎಂದಳು ಅಕ್ಕ. "ಇದೇ ಗಾಡಿ ಇನ್ಯಾರ ಹತ್ರ ಇದೆ?"

ಇಷ್ಟು ದಿನದ ಚರ್ಚೆಯಲ್ಲಿ ಉಭಯ ಪಕ್ಷಗಳಿಗೂ ಹೊಳೆಯದ ಪ್ರಶ್ನೆ ಅದು. ಮೆಕ್ಯಾನಿಕ್ ತಲೆ ಕೆರೆದುಕೊಂಡರು. "ತೀರ್ಥಹಳ್ಳಿ ಕಡೆ ಗೌಡ್ರೊಬ್ರ ಹತ್ರ ಇದೆ. ಎಂಜಿನ್ ಸೀಜಾಗಿ ಕೊಟ್ಟಿಗೇಲಿ ಬಿದ್ದಿದೆ. ಆದ್ರೆ ಕೊಡೋ ಜನ ಅಲ್ಲ ಅವ್ರು."

ಹೊಸನಗರ ದಾಟಿ ತೀರ್ಥಹಳ್ಳಿ ಕಡೆ ಹೋಗುವ ದಾರಿಯುದ್ದಕ್ಕೂ ನಾನು ವಾದ ಹೊಸೆದೆ. ಅಕ್ಕನ ಗಾಡಿಗೆ ಕವರು ಬೇಕೆಂದು ಹೋದ ನಮ್ಮನ್ನು ಗೌಡರು ಜಗಲಿಯಲ್ಲಿ ಕೂರಿಸಿ, ಎಲೆ ಅಡಿಕೆಯ ತಟ್ಟೆಯನ್ನು ಮುಂದೆ ತಳ್ಳಿದರು. ಅಲ್ಲಿಂದಲೇ ಕೊಟ್ಟಿಗೆಯ ಬೈಕು ಕಾಣುತ್ತಿತ್ತು. ಅದರ ಕ್ಲಚ್ ಕವರು ಕೆಂಪು. ಸೀಟಿನ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿ.

"ಸತ್ತ ಎಂಜಿನ್ನಿಗೆ ಕವರ್ ಯಾಕೆ ಗೌಡ್ರೇ?" ಎಂದು ಶುರು ಮಾಡಿದೆ.

"ಸತ್ತಿದೆ ಅಂತ ಯಾರು ಹೇಳಿದ್ದು? ಅಡಿಕೆ ಕೊಯ್ಲು ಮುಗೀಲಿ, ಸರಿ ಮಾಡಿಸ್ತೀನಿ."

"ಮೇಲೆ ಕೋಳಿ ಕೂತಿದೆಯಲ್ಲ?"

"ಅದು ಎದ್ಮೇಲೇ ಮಾಡಿಸ್ತೀನಿ."

ನಾನು ಎರಡನೆಯ ಅಂಶಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಒಂದು ಕವಳ ಮಡಚಿ ನನ್ನ ಬಾಯಿಗೆ ತುರುಕಿದಳು. ತಾನೂ ಒಂದು ಹಾಕಿಕೊಂಡಳು. ಅವಳು ಕವಳ ಹಾಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಗೌಡರೂ ಹಾಕಿಕೊಂಡರು. ಮೂವರೂ ಅಂಗಳ ನೋಡುತ್ತ ಜಗಿದೆವು. ನನ್ನ ತಲೆ ತಿರುಗುತ್ತಿತ್ತು.

ಗೌಡರು ಎದ್ದುಹೋಗಿ, ಉಗಿದು, ಬಾಯಿ ಮುಕ್ಕಳಿಸಿ ಬಂದರು.

"ಎಲ್ಲಿ ಓಡ್ಸೋದಮ್ಮ ನೀನು?"

ಅಕ್ಕನೂ ಅಂಗಳದ ಅಂಚಿಗೆ ಹೋಗಿ ಉಗಿದು ಬಂದಳು. "ಆನಂದಪುರದ ಹತ್ರ. ನಾಳೆ."

"ಹೆಂಗಸ್ರಿಗೂ ಇದ್ಯಾ ಅಲ್ಲಿ?"

"ನಾನು ಹೋದ್ರೆ ಇದೆ."

ಗೌಡರು ಒಳಗೆ ಹೋಗಿ ಸ್ಪ್ಯಾನರ್ ತಂದರು. "ಬೋಲ್ಟು ನೀನೇ ಬಿಚ್ಕೋ. ಕೋಳಿ ಏಳಿಸ್ಬೇಡ. ಈ ಹುಡುಗ ಪಿಕಪ್ಪಲ್ಲೇ ಕೂತಿರ್ಲಿ."

ಪಿಕಪ್ಪಿನಲ್ಲಿ ಕೂತು ಯೋಚಿಸಿದೆ. ಈಗಲೂ ಹೇಳುತ್ತೇನೆ, ಸತ್ತ ಎಂಜಿನ್ನಿನ ಕುರಿತ ನನ್ನ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

ಸಂಜೆ ಮೆಕ್ಯಾನಿಕ್ ಹೊಸ ಗ್ಯಾಸ್ಕೆಟ್ ಕತ್ತರಿಸಿ ಕವರು ಕೂರಿಸಿದರು. ಬಂದುಹೋದವರಿಗೆಲ್ಲ "ಗೌಡ್ರ ಗಾಡಿಯಿಂದ ತರ್ಸಿದ್ದು ನನ್ನ ಐಡಿಯಾ" ಎನ್ನುತ್ತಿದ್ದರು. ನಾನು ಆಕ್ಷೇಪಿಸಲಿಲ್ಲ, ಇನ್ನೂ ಬೋಲ್ಟು ಬಿಗಿಯುವುದು ಬಾಕಿಯಿತ್ತು.

ಭಾನುವಾರ ಗದ್ದೆಯಲ್ಲಿ ಅಕ್ಕನ ಜೊತೆಗೆ ಇನ್ನಿಬ್ಬರು ಹುಡುಗಿಯರು ಸಾಲಿಗೆ ಬಂದು ನಿಂತರು. ಸಂಘಟಕರು ಮೈಕು ಹಿಡಿದುಕೊಂಡೇ ಹತ್ತಿರ ಬಂದು, "ಮೂರೇ ಜನ ಮೇಡಂ" ಎಂದು ಪೆಚ್ಚು ಮೋರೆ ಹಾಕಿದರು.

"ಮೂರು ಜನಕ್ಕೆ ಮೂರು ಟ್ರೋಫಿ. ತಂದಿದೀರಲ್ಲ?"

ತಂದಿರಲಿಲ್ಲ. ಒಂದೂ ತಂದಿರಲಿಲ್ಲ. ಪೇಟೆಗೆ ಯಾರನ್ನು ಓಡಿಸುವುದೆಂದು ಅವರು ಅತ್ತಿತ್ತ ನೋಡುತ್ತಿದ್ದರು. ಅಕ್ಕ ಬಗ್ಗಿ ಕವರಿನ ಅಡಿಗೆ ಬೆರಳಾಡಿಸಿ ನೋಡಿದಳು. ಒಣಗಿತ್ತು. ಬಾವುಟ ಬಿತ್ತು; ಅಕ್ಕನ ಕಪ್ಪು ಬೈಕಿನ ಕೆಂಪು ಕವರು ಧೂಳಿನೊಳಗೆ ನುಗ್ಗಿತು.