ತಂಗಿಯ ತಾಟು

ಹುಕ್ಕೇರಿಯಲ್ಲಿ ನಮ್ಮ ಬಾಜೂ ಮನೆಯ, ನಮಗೆಲ್ಲ ಚಿಕ್ಕಮ್ಮನಂತಿದ್ದ ಜೈನರ ಕಾಕು ಸಂಜೆಯಾದರೆ ಸಾಕು, ಓಣಿಗೆಲ್ಲ ಕೇಳುವಂತೆ "ಹೊತ್ತು ಮುಳುಗೂದ್ರಾಗ ಉಂಡು ಮುಗಸ್ರಿ" ಎನ್ನುತ್ತಿದ್ದರು. ನಾವು ಜೈನರಲ್ಲ ಎಂಬುದು ಅವರಿಗೆ ಅಡ್ಡಿಯೇ ಆಗಿರಲಿಲ್ಲ. ಕತ್ತಲಾದ ಮೇಲೆ ಅವರ ಒಲೆ ಉರಿದದ್ದನ್ನು ಯಾರೂ ಕಂಡಿರಲಿಲ್ಲ.

ಒಮ್ಮೆ ನಾನು ಲೈಬ್ರರಿಯಿಂದ ತಂದ ಕಾದಂಬರಿಯನ್ನು ಕಾಕು ಎತ್ತಿಕೊಂಡು ಹೋದರು. ಅದು ಯೇಸುವಿನ ಕಾಲದ ಯೆಹೂದಿ ತಾಯಿಯೊಬ್ಬಳ ಕಥೆ. ಮಗ ಯೇಸುವಿನ ಹಿಂದೆ ಹೋಗುತ್ತಾನೆ. ತಾಯಿ ತನ್ನ ಧರ್ಮ ಬಿಡುವುದಿಲ್ಲ, ಆದರೆ ಶುಕ್ರವಾರ ಸಂಜೆ ತಮ್ಮ ಸಬ್ಬತ್ ಹಬ್ಬದ ದೀಪ ಹಚ್ಚಿ ಮಗನಿಗೂ ಒಂದು ಊಟದ ತಾಟು ಇಡುತ್ತಾಳೆ.

"ಭಾರಿ ಹಟಮಾರಿ ಅದಾಳ, ನನ್ನಂಗ" ಎಂದು, ಪುಸ್ತಕ ಓದಿ ಮುಗಿಸಿದ ಕಾಕು ನಕ್ಕರು.

ಪುಸ್ತಕ ವಾಪಸು ಕೇಳಲು ನಾನು ಹೋದ ದಿನ, ಹೊತ್ತು ಮುಳುಗಿದ ಮೇಲೆ, ಅವರ ತಂಗಿ ಗೋಕಾಕದಿಂದ ಬಂದರು. ಕ್ರೈಸ್ತರೊಬ್ಬರನ್ನು ಮದುವೆಯಾದ ಮೇಲೆ ಆ ಮನೆಗೆ ಅವರು ಬಂದದ್ದು ಅದೇ ಮೊದಲು. ಹೊಸ್ತಿಲಲ್ಲೇ ನಿಂತು, "ಊಟ ಬ್ಯಾಡಕ್ಕ, ನಿನ್ನ ನೇಮ ಗೊತ್ತೈತಿ" ಎಂದರು.

"ನಾ ಉಣ್ಣಂಗಿಲ್ಲ. ನೀ ಉಣ್ಣು, ಬಾ."

ಕಾಕು ಒಲೆ ಹಚ್ಚಿ, ರೊಟ್ಟಿ ಬಡಿದು, ತಾಟು ಇಟ್ಟರು. ತಂಗಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರು. ಓಣಿಯವರನ್ನೆಲ್ಲ ಉಣ್ಣಲು ಅವಸರಪಡಿಸುತ್ತಿದ್ದ ಕಾಕು, ರೊಟ್ಟಿ ಆರುತ್ತಿದ್ದರೂ ಪ್ರಾರ್ಥನೆ ಮುಗಿಯುವವರೆಗೆ ಕಾದರು.