ಹಳಿಯ ಮೇಲಿನ ಕಾರು ಮತ್ತು ಅವ್ವ

ಅಪ್ಪ ತೀರಿಕೊಂಡ ಮೇಲೆ ಅವನ ಟ್ರಂಕಿನಲ್ಲಿ ಸಿಕ್ಕ ಫೋಟೋಗಳಲ್ಲಿ ಮನುಷ್ಯರಿಗಿಂತ ಗಾಡಿಗಳೇ ಹೆಚ್ಚಿದ್ದವು. ಗದಗಿನ ಕಡೆಯಿಂದ ರೈಲ್ವೆ ನೌಕರಿಗೆಂದು ನಾಗಪುರಕ್ಕೆ ಬಂದವನು, ಸುತ್ತಲಿನ ಕಿರಿದಾದ ನ್ಯಾರೋ ಗೇಜ್ ಹಳಿಗಳನ್ನು ನೋಡಿಕೊಳ್ಳುತ್ತಲೇ ನಿವೃತ್ತನಾದ. ಅವನ ಬಳಿ ಒಂದು ಡಬ್ಬಿ ಕ್ಯಾಮೆರಾ ಇತ್ತು. ವಿಚಿತ್ರವಾದ ಗಾಡಿ ಯಾವುದು ಕಂಡರೂ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಮೂತಿ ಮುಂದಕ್ಕೆ ಚಾಚಿದ ಮೂರು ಗಾಲಿಯ ಟೆಂಪೋ, ಹೊಗೆಯುಗುಳುವ ಕ್ರೇನು, ಬಸ್ಸಿನ ಮೈಗೆ ರೈಲಿನ ಗಾಲಿ ಹಾಕಿದ ಏನೋ ಒಂದು. ಯಾವ ಫೋಟೋದ ಹಿಂದೆಯೂ ಒಂದಕ್ಷರ ಬರೆದಿರಲಿಲ್ಲ.

ಅವುಗಳಲ್ಲಿ ಒಂದು ಮಾತ್ರ ನಮ್ಮ ಮನೆಯ ಫೋಟೋ ಎಂದು ನಾನು ನಂಬಿದ್ದೆ. ಒಂದು ಹಳೆಯ ಮೋಟಾರು ಕಾರು, ಅದರ ಟಯರು ಬಿಚ್ಚಿ ಕಬ್ಬಿಣದ ಗಾಲಿ ಹಾಕಿ ಹಳಿಯ ಮೇಲೆ ನಿಲ್ಲಿಸಿದ್ದಾರೆ. ಅಧಿಕಾರಿಗಳು ಹಳಿ ತಪಾಸಣೆಗೆ ಅದರಲ್ಲಿ ಬರುತ್ತಿದ್ದರು. ಹಿಂದಿನ ಸೀಟಿನಲ್ಲಿ, ತೆರೆದ ಬಾಗಿಲಿನಿಂದ ಕಾಲು ಇಳಿಬಿಟ್ಟು ಕುಳಿತ, ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸು. ಮುಖ ಅರ್ಧ ಮಾತ್ರ ಕಾಣುತ್ತದೆ. ಮನೆಗೆ ಯಾರಾದರೂ ಬಂದರೆ ಅಪ್ಪ ಈ ಫೋಟೋ ತೆಗೆದು ನನ್ನ ಕಡೆ ಕೈ ಮಾಡುತ್ತಿದ್ದ. "ಇವ ಹುಟ್ಟೂ ಮುಂದ ಇದರಾಗ ಕುಂತು ಬಂದಾನ" ಎನ್ನುತ್ತಿದ್ದ. ಬಂದವರು ನಗುತ್ತಿದ್ದರು. ಅವ್ವ ಆ ಹೊತ್ತಿಗೆ ಯಾವಾಗಲೂ ಅಡುಗೆಮನೆಯಲ್ಲಿ ಇರುತ್ತಿದ್ದಳು.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಫೋನಿನಲ್ಲಿ ಹಳೆಯ ರೈಲು ಫೋಟೋಗಳ ಒಂದು ಗುಂಪಿಗೆ ಸೇರಿಕೊಂಡೆ. ದೇಶದ ಮೂಲೆಮೂಲೆಯಿಂದ ಜನ ಫೋಟೋ ಹಾಕುತ್ತಿದ್ದರು. ನನಗೂ ಹುಮ್ಮಸ್ಸು ಬಂತು. ಊರಾಚೆ ಮಿಹಾನ್‌ನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ರಜೆಯ ದಿನ ಕುಳಿತು ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಟ್ಟಳು. ಮೊದಲು ಆ ಕಾರಿನ ಫೋಟೋವನ್ನೇ ಹಾಕಿದೆ.

ಐದು ನಿಮಿಷ ಕಳೆಯುವುದರೊಳಗೆ ಒಬ್ಬ ಬರೆದ, ಇದು ಕಂಪ್ಯೂಟರ್ ತಯಾರಿಸಿದ ಚಿತ್ರ, ನೆರಳು ಸರಿಯಿಲ್ಲ. ಇನ್ನೊಬ್ಬ, ನ್ಯಾರೋ ಗೇಜಿನ ಮೇಲೆ ಇಷ್ಟು ಅಗಲದ ಕಾರು ನಿಲ್ಲುವುದೇ ಇಲ್ಲ ಎಂದ. ಮತ್ತೊಬ್ಬನ ಪ್ರಕಾರ ಅದು ನಾಗಪುರದ್ದಲ್ಲ, ಗುಜರಾತಿನದು. ಮುಗ್ಗಲು ವಾಸನೆಯ ಆ ಫೋಟೋವನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಾನು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತ ಕುಳಿತೆ. ಫೋಟೋದ ಅಂಚು, ಹಿಂಬದಿ, ಟ್ರಂಕು, ಎಲ್ಲದರ ಚಿತ್ರ ತೆಗೆದು ಕಳಿಸಿದೆ. "ಹಿಂಬದಿಯನ್ನೂ ಕಂಪ್ಯೂಟರಿನಲ್ಲಿ ಮಾಡಬಹುದು" ಎಂದು ಮೊದಲಿನವನೇ ಬರೆದ. ನನ್ನ ತಲೆ ಬಿಸಿಯಾಯಿತು. ಸುಮ್ಮನಿರಲಾರದೆ ಅಪ್ಪ ಹೇಳುತ್ತಿದ್ದ ಕಥೆಯನ್ನು ಪೂರ್ತಿ ಬರೆದು ಹಾಕಿಬಿಟ್ಟೆ. ಸೆರಗು ಹೊದ್ದವಳು ನನ್ನ ತಾಯಿ, ಹೆರಿಗೆಗೆ ನಾಗಪುರಕ್ಕೆ ಹೊರಟಿದ್ದಾಳೆ, ಅವಳ ಹೊಟ್ಟೆಯಲ್ಲಿರುವವನು ನಾನು.

ಎಲ್ಲವೂ ಒಮ್ಮೆಲೇ ತಿರುಗಿತು. ನೆರಳು ಸರಿಯಿಲ್ಲ ಎಂದವನೇ ಕೈಮುಗಿಯುವ ಚಿತ್ರ ಕಳಿಸಿದ. ಆಗಿನ ಅಧಿಕಾರಿಗಳು ದೇವರಂಥವರು, ಬಡ ನೌಕರನ ಹೆಂಡತಿಗೆ ತನ್ನ ಕಾರನ್ನೇ ಬಿಟ್ಟುಕೊಟ್ಟ ಪುಣ್ಯಾತ್ಮ ಯಾರು ಎಂದು ಜನ ಕೇಳತೊಡಗಿದರು. ಯಾರೋ ಅದಕ್ಕೆ ಕೊಳಲಿನ ಸಂಗೀತ ಸೇರಿಸಿ ವಿಡಿಯೋ ಮಾಡಿದರು. ಮೂರು ದಿನದಲ್ಲಿ ಅದು ಮಗಳ ಆಫೀಸಿನವರಿಗೂ ತಲುಪಿತು. "ಅಪ್ಪಾ, ಅಜ್ಜಿ ಏಕದಮ್ ಫೇಮಸ್ ಆಗ್ಯಾಳ" ಎಂದು ನಗುತ್ತ ಬಂದಳು.

ಅವ್ವನಿಗೆ ತೋರಿಸಿದ್ದು ಆಗಲೇ. ಕಣ್ಣಿನ ಆಪರೇಷನ್ ಆದ ಮೇಲೆ ಅವಳಿಗೆ ಚೆನ್ನಾಗಿ ಕಾಣಿಸುತ್ತಿತ್ತು. ಮೊದಲೇ ಕೇಳಬೇಕೆಂದು ನನಗೆ ಅನ್ನಿಸಿರಲಿಲ್ಲ, ಹುಟ್ಟಿದಾಗಿನಿಂದ ಕೇಳಿದ ಕಥೆಯಲ್ಲಿ ಕೇಳುವುದೇನಿದೆ. ವಿಡಿಯೋ ಮುಗಿಯುವ ತನಕ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ಇಕಿ ನಾ ಅಲ್ಲ."

"ಮತ್ತ ಯಾರವ್ವಾ?"

"ಸಾಹೇಬನ ಹೆಂಡತಿ. ನೀ ಹುಟ್ಟಿದ ಮ್ಯಾಲೆ, ಥಂಡಿ ದಿನದಾಗ ಸಂತ್ರಾ ಹಣ್ಣಿನ ತೋಟ ನೋಡಾಕ ಬಂದಿದ್ಲು. ಸಾಹೇಬ ತಗೀ ಅಂದ, ನಿಮ್ಮಪ್ಪ ಫೋಟೋ ತಗದ್ರು."

"ನೀ ಈ ಕಾರಿನಾಗ ಬಂದಿಲ್ಲೇನು?"

"ಎಲ್ಲೀ ಕಾರು? ಕೇಳಿದ್ವಿ. ಕೊಡಲಿಲ್ಲ."

ನಾನು ಎದುರಿಗೆ ಕುಳಿತೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಸುಲಿಯುತ್ತಲೇ ಹೇಳಿದಳು. ಅಪ್ಪ ಆಗ ನಾಗಪುರದ ಇತವಾರಿ ನಿಲ್ದಾಣದಿಂದಾಚೆ ಒಂದು ಸಣ್ಣ ಸ್ಟೇಷನ್ನಿನಲ್ಲಿದ್ದ. ಜೋರು ಮಳೆಗಾಲ.

"ಸಂಜಿ ಗಾಡಿ ಇಂಜಿನ್ ಕೆಟ್ಟು ಎಲ್ಲೋ ನಿಂತಿತ್ತು. ರಸ್ತಾ ಪೂರಾ ಕೆಸರು, ಎತ್ತಿನ ಗಾಡಿನೂ ಬರೂಹಂಗ ಇರಲಿಲ್ಲ. ನನಗ ಬ್ಯಾನಿ ಚಾಲೂ ಆಗಿತ್ತು. ಈ ಕಾರು ಟೇಸನ್ನಿನಾಗ ನಿಂತಿತ್ತು, ನಮ್ಮ ಬಾಗಲದಾಗಿಂದ ಕಾಣತಿತ್ತು. ನಿಮ್ಮಪ್ಪ ಹೋಗಿ ಕೈ ಮುಗದು ಕೇಳಿದ್ರು. ಇದು ಸರಕಾರದ ಗಾಡಿ, ಬಾಣಂತನಕ್ಕ ಅಲ್ಲ ಅಂದ ಸಾಹೇಬ. ಅಂದು ಚಾ ಕುಡಿಯಾಕ ಕುಂತ."

"ಮತ್ತ ನೀವು ಹೆಂಗ ಬಂದ್ರಿ?"

"ತಳ್ಳು ಟ್ರಾಲಿ ಮ್ಯಾಲೆ."

ಆ ಟ್ರಾಲಿಯನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ನಾಲ್ಕು ಗಾಲಿ, ಅದರ ಮೇಲೊಂದು ಮರದ ಬೆಂಚು, ಅಷ್ಟೇ. ಟ್ರಾಲಿಯವರು ಹಳಿಯ ಮೇಲೆ ಬರಿಗಾಲಲ್ಲಿ ಓಡುತ್ತ ತಳ್ಳುತ್ತಾರೆ, ವೇಗ ಬಂದಾಗ ಹಿಂದೆ ಹತ್ತಿಕೊಳ್ಳುತ್ತಾರೆ. ಮಳೆಯಲ್ಲಿ ತೊಯ್ದ ಹಳಿಯ ಮೇಲೆ, ಒಂದು ಕೊಡೆ ಹಿಡಿದು, ನೋವು ತಿನ್ನುತ್ತಿದ್ದ ಹೆಂಗಸನ್ನು ಮಲಗಿಸಿಕೊಂಡು ಅವರು ಇತವಾರಿಯವರೆಗೆ ತಳ್ಳಿದ್ದರು. ಅವರಲ್ಲೊಬ್ಬ ತನ್ನ ಕಂಬಳಿಯನ್ನು ಅವ್ವನಿಗೆ ಹೊದಿಸಿ ತಾನು ನೆನೆದ. ಅವನ ಹೆಸರು ಅವ್ವನಿಗೆ ನೆನಪಿಲ್ಲ. ಭಂಡಾರಾ ಜಿಲ್ಲೆಯ ಕಡೆಯವನು ಎಂದಷ್ಟೇ ಗೊತ್ತು.

"ಅಪ್ಪ ಕಾರು ಅಂತಿದ್ದನಲ್ಲ?"

"ಅಂತಿದ್ರು. ಬಂದವರ ಮುಂದ ಅವರಿಗೆ ಅದಽ ಚಲೋ ಅನಸ್ತಿತ್ತು. ನಾ ಏನ್ ಹೇಳಲಿ."

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಇಲ್ಲದ ಅಪ್ಪನ ಮೇಲೆ ಬಂತು, ಇಷ್ಟು ವರ್ಷ ಬಾಯಿಬಿಡದ ಅವ್ವನ ಮೇಲೆ ಬಂತು, ಫೋಟೋದಲ್ಲಿ ನೆಮ್ಮದಿಯಾಗಿ ಕುಳಿತ ಆ ಹೆಂಗಸಿನ ಮೇಲೂ ಬಂತು. ಕಾರು ಕೊಡದವನನ್ನು ದೇಶವೆಲ್ಲ ಹೊಗಳುವಂತೆ ಮಾಡಿದ್ದು ನಾನೇ ಬರೆದ ನಾಲ್ಕು ಸಾಲು. ಅಂದೇ ಗುಂಪಿನಲ್ಲಿ ನಿಜವನ್ನು ಬರೆದೆ. ಫೋಟೋದಲ್ಲಿರುವವಳು ನನ್ನ ತಾಯಿಯಲ್ಲ, ಅಧಿಕಾರಿ ಕಾರು ಕೊಡಲಿಲ್ಲ, ನನ್ನ ತಾಯಿ ಬಂದದ್ದು ಟ್ರಾಲಿಯ ಮೇಲೆ, ತಂದವರು ಟ್ರಾಲಿಯವರು.

ಸ್ವಲ್ಪ ಹೊತ್ತಿಗೆ ಅದು ಕಾಣೆಯಾಯಿತು. ಗುಂಪು ನಡೆಸುವವನಿಗೆ ಫೋನು ಮಾಡಿದೆ. ಅವನೂ ನಿವೃತ್ತ ರೈಲ್ವೆಯವನೇ, ಹಿಂದಿಯಲ್ಲಿ ತುಂಬ ಗೌರವದಿಂದ ಮಾತಾಡಿದ.

"ನೋಡಿ ಸಾಹೇಬ್, ಜನ ಖುಷಿಯಾಗಿದ್ದಾರೆ. ಈಗ ಯಾಕೆ ಇಲಾಖೆಯ ಹೆಸರು ಕೆಡಿಸಬೇಕು?"

"ನಾನು ಬರೆದದ್ದು ಸುಳ್ಳಾಗಿತ್ತು. ಸರಿ ಮಾಡುತ್ತಿದ್ದೇನೆ."

"ಟ್ರಾಲಿಯ ಫೋಟೋ ಇದೆಯೇ ನಿಮ್ಮ ಬಳಿ?"

"ಆ ಮಳೆಯಲ್ಲಿ ಯಾರು ಫೋಟೋ ತೆಗೆಯುತ್ತಾರೆ?"

"ಹಾಗಾದರೆ ಕಷ್ಟ. ಇದು ಫೋಟೋಗಳ ಗುಂಪು. ಫೋಟೋ ಇಲ್ಲದ ಬರಹ ಇಡುವುದಿಲ್ಲ."

ಮತ್ತೊಮ್ಮೆ ಹಾಕಿದೆ, ಮತ್ತೆ ತೆಗೆದರು. ವಿಡಿಯೋ ಮಾಡಿದವನನ್ನು ಮಗಳು ಹುಡುಕಿ ಬರೆದಳು. ಅವನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ, ವಿಡಿಯೋ ಇದ್ದಲ್ಲೇ ಇತ್ತು. ಸುಳ್ಳು ಬರೆದಾಗ ಒಂದು ಮಧ್ಯಾಹ್ನದಲ್ಲಿ ನಂಬಿದ್ದ ಆ ಜನಕ್ಕೆ ನಿಜ ಹೇಳಲು ನಾನು ವಾರವಿಡೀ ಹೆಣಗಿದೆ. ಒಬ್ಬನೇ ಒಬ್ಬ ಉತ್ತರ ಕೊಟ್ಟ, ಕಾರಿನ ಇಂಜಿನ್ ಯಾವುದು ಎಂದು ಕೇಳಲು.

ಆ ವಾರದ ಕೊನೆಗೆ ಕೆಳಗಿನ ಮನೆಯ ಮರಾಠಿ ಕಾಕೂ ಪೇಢೆಯ ಡಬ್ಬಿ ಹಿಡಿದು ಬಂದಳು. ಫೋನಿನಲ್ಲಿ ಅದೇ ವಿಡಿಯೋ ಇತ್ತು. ಅವ್ವನ ಗಲ್ಲ ಮುಟ್ಟಿ, ಎಷ್ಟು ಚೆಂದ ಕಾಣಿಸುತ್ತಿದ್ದಿರಿ ಎಂದಳು. ಅವ್ವ ಮರಾಠಿಯಲ್ಲಿ ನಿಚ್ಚಳವಾಗಿ ಹೇಳಿದಳು, "ತೀ ಮೀ ನಾಹೀ." ಅದು ನಾನಲ್ಲ. ಕಾಕೂ ಮುಗುಳ್ನಕ್ಕು ನನ್ನನ್ನು ಬಾಗಿಲ ಬಳಿ ಕರೆದಳು. ಈ ವಯಸ್ಸಿನಲ್ಲಿ ಹೀಗಾಗುತ್ತದೆ, ನಮ್ಮ ಅತ್ತೆಗೂ ತಮ್ಮ ಗುರುತೇ ಹೋಗಿತ್ತು, ಡಾಕ್ಟರಿಗೆ ತೋರಿಸಿ ಎಂದು ಮೆಲ್ಲಗೆ ಹೇಳಿದಳು.

ಮೆಲ್ಲಗೆ ಹೇಳಿದರೂ ಅವ್ವನಿಗೆ ಕೇಳಿಸಿತು. ಎದ್ದು ಬಂದು ಕಾಕೂನ ಕೈಯಿಂದ ಫೋನು ತೆಗೆದುಕೊಂಡಳು. ಮೊಮ್ಮಗಳು ಕಲಿಸಿದಂತೆ ಎರಡು ಬೆರಳಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಆ ಹೆಂಗಸಿನ ಕಾಲು ತೋರಿಸಿದಳು. ಎತ್ತರದ ಹಿಮ್ಮಡಿಯ ಚಪ್ಪಲಿ. ನನ್ನ ಕಾಲು ಇಷ್ಟು ಊದಿಕೊಂಡಿದ್ದವು, ಚಪ್ಪಲಿಯೇ ಹೋಗುತ್ತಿರಲಿಲ್ಲ, ಬರಿಗಾಲಲ್ಲಿ ಬಂದೆ ಎಂದಳು. ಕಾಕೂ "ಹೋ ಕಾ", ಹೌದಾ, ಎಂದು ಫೋನು ತೆಗೆದುಕೊಂಡು ಇಳಿದುಹೋದಳು. ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಮಗಳು ಅಷ್ಟೂ ಹೊತ್ತು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವ್ವನನ್ನು ಕರೆದುಕೊಂಡು ಹೋಗಿ ಸೋಫಾದ ಮೇಲೆ ಕೂಡಿಸಿ, ನನಗೆ ಮೊದಲಿನಿಂದ ಹೇಳು ಎಂದಳು. ಮಗಳಿಗೆ ಮರಾಠಿಯೇ ಸಲೀಸು, ಹಾಗಾಗಿ ಅವ್ವ ಮರಾಠಿಯಲ್ಲಿ ಹೇಳಿದಳು. ನಾನು ಒಳಗಿನ ಕೋಣೆಯಲ್ಲಿ ಕಪಾಟಿನ ಮುಂದೆ ನಿಂತು ಕೇಳಿಸಿಕೊಂಡೆ. ಮಳೆ, ಕೆಸರು, ಸಾಹೇಬನ ಚಹಾ, ಕಂಬಳಿ, ಎಲ್ಲವೂ ನನಗೆ ಹೇಳಿದಂತೆಯೇ ಇತ್ತು. ಆಮೇಲೆ ನನಗೆ ಹೇಳದ ಒಂದು ಮಾತು ಬಂತು. ಅಪ್ಪ ಟ್ರಾಲಿಯ ಮೇಲೆ ಕುಳಿತಿರಲಿಲ್ಲ. ಬೂಟು ಬಿಚ್ಚಿ ಅವ್ವನ ಕಾಲ ಬಳಿ ಇಟ್ಟು, ಟ್ರಾಲಿಯವರ ಜೊತೆ ತಾನೂ ದಾರಿಯುದ್ದಕ್ಕೂ ತಳ್ಳಿದ. ಹಳಿಯ ಮೇಲೆ ಓಡುವ ರೂಢಿ ಅವನಿಗಿರಲಿಲ್ಲ, ಎರಡು ಸಲ ಜಾರಿ ಬಿದ್ದು ಮೊಣಕಾಲು ಒಡೆದುಕೊಂಡ. ಬಿದ್ದಾಗೆಲ್ಲ ಎದ್ದು, ನೋಯುತ್ತಿದೆಯಾ ಎಂದು ಅವ್ವನನ್ನೇ ಕೇಳುತ್ತಿದ್ದ.

ಇದನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆ ಏನಿತ್ತು? ಆ ಕಾರಿಗಿಂತ ಇದು ಎಷ್ಟು ದೊಡ್ಡದಾಗಿತ್ತು. ಬಂದವರೆಲ್ಲರ ಮುಂದೆ ಇದನ್ನೇ ಹೇಳಬಹುದಾಗಿತ್ತು, ನನಗಾದರೂ ಹೇಳಬಹುದಾಗಿತ್ತು. ಕೇಳಬೇಕೆಂದರೆ ಅವನಿಲ್ಲ. ಹೊರಗೆ ಮಗಳು, "ಮಗ್, ಆಜೀ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು. ಮುಂದೇನಾಯಿತು ಎಂದು. ಅವ್ವ ಇತವಾರಿಯ ಪ್ಲಾಟ್‌ಫಾರ್ಮಿನ ಬಗ್ಗೆ ಹೇಳತೊಡಗಿದಳು. ನಾನು ಹೋಗಿ ಅವರ ಎದುರಿಗೆ ನೆಲದ ಮೇಲೆ ಕುಳಿತೆ.